ಮಕ್ಕಳ ಫೀ, ಸ್ಕಾಲರ್‌ಶಿಪ್, ಎಜುಕೇಶನ್ ಲೋನ್: ರಿಟರ್ನ್‌ನಲ್ಲಿ ಯಾವುದನ್ನು ಎಲ್ಲಿ ತುಂಬಬೇಕು

ಜುಲೈ ಬಂತು ಅಂದರೆ ಮುಂಬೈ, ಪುಣೆಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಅವೇ ಪ್ರಶ್ನೆಗಳು ಶುರು. ಮಗನ ಸ್ಕೂಲ್ ಫೀ ತೋರಿಸಬಹುದಾ? ಮಗಳಿಗೆ ಸಂಘದಿಂದ ಸಿಕ್ಕ ವಿದ್ಯಾರ್ಥಿವೇತನಕ್ಕೆ ಟ್ಯಾಕ್ಸ್ ಬೀಳುತ್ತಾ? ಲೋನ್ ತೆಗೆದು ಅಮೆರಿಕಕ್ಕೆ ಕಳಿಸಿದ್ದೇವೆ, ಅದರಿಂದ ಏನಾದರೂ ಉಳಿಯುತ್ತಾ? ಒಬ್ಬರು ಹೌದು ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ, ಮೂರನೆಯವರು ತಮ್ಮ ಸಿಎ ನಂಬರ್ ಕಳಿಸುತ್ತಾರೆ. ಅಷ್ಟಕ್ಕೇ ಮಾತು ಮುಗಿಯುತ್ತದೆ.

ಗೊಂದಲ ಆಗುವುದು ಯಾಕೆಂದರೆ ಓದಿನ ದುಡ್ಡು ಅಂತ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುತ್ತೇವೆ. ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಗೆ ನೋಡುವುದಿಲ್ಲ. ನೀವು ಕೊಟ್ಟ ಫೀ ಒಂದು ಕಡೆ, ನೀವು ಕಟ್ಟಿದ ಬಡ್ಡಿ ಇನ್ನೊಂದು ಕಡೆ, ನಿಮಗೆ ಬಂದ ಸ್ಕಾಲರ್‌ಶಿಪ್ ಮತ್ತೊಂದು ಕಡೆ, ಹೊರದೇಶಕ್ಕೆ ಕಳಿಸುವಾಗ ಬ್ಯಾಂಕ್ ಹಿಡಿದುಕೊಂಡ ತೆರಿಗೆ ಬೇರೆಯೇ ಕಡೆ. ಇನ್ನೂ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಸ್ಕೂಲ್ ಫೀ ಬಗ್ಗೆ, ಆದರೆ ಸಂಬಳದವರಿಗೆ ನಿಜವಾಗಿ ದುಡ್ಡು ಉಳಿಸುವುದು ಹೆಚ್ಚಾಗಿ ಲೋನ್ ಬಡ್ಡಿ.

ಇಲ್ಲಿ ಬರೆದಿರುವುದು 2025-26ರ ಆದಾಯಕ್ಕೆ, ಅಂದರೆ ಅಸೆಸ್‌ಮೆಂಟ್ ವರ್ಷ 2026-27ರ ರಿಟರ್ನ್‌ಗೆ.

ಮೊದಲು ರೆಜೀಮ್ ನೋಡಿ, ರಸೀದಿ ಆಮೇಲೆ ಹುಡುಕಿ

ಫೀ ರಸೀದಿ ಹುಡುಕಲು ಕಪಾಟು ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಹಳೆ ರೆಜೀಮ್‌ನಲ್ಲಿ ಇದ್ದೇನಾ, ಹೊಸದರಲ್ಲಾ? ರೆಜೀಮ್ ಅಂದರೆ ತೆರಿಗೆ ಲೆಕ್ಕ ಹಾಕುವ ಪದ್ಧತಿ, ಹಳೆಯದು, ಹೊಸದು ಅಂತ ಎರಡಿವೆ. 2023-24ರಿಂದ ಹೊಸ ರೆಜೀಮೇ ಡೀಫಾಲ್ಟ್. ನೀವು ಏನೂ ಹೇಳದಿದ್ದರೆ ಅದರಲ್ಲೇ ಇರುತ್ತೀರಿ. ಅದರಲ್ಲಿ ಸ್ಕೂಲ್ ಫೀಯನ್ನು ಆದಾಯದಿಂದ ಕಳೆಯಲು ಬಿಡುವ ಸೆಕ್ಷನ್ 80ಸಿ ಇಲ್ಲ, ಲೋನ್ ಬಡ್ಡಿ ಕಳೆಯಲು ಬಿಡುವ 80ಇ ಇಲ್ಲ, ಮಕ್ಕಳ ಎಜುಕೇಶನ್ ಅಲೋವೆನ್ಸ್ ವಿನಾಯಿತಿಯೂ ಇಲ್ಲ. ಸ್ಕಾಲರ್‌ಶಿಪ್‌ನ ವಿನಾಯಿತಿ ಮಾತ್ರ ಎರಡೂ ಕಡೆ ಉಳಿದಿದೆ.

ಹೊಸ ರೆಜೀಮ್‌ನಲ್ಲಿ 2025-26ಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ (ತೆರಿಗೆ ಮನ್ನಾ) ಇದೆ, ಸಂಬಳದವರಿಗೆ ಯಾವ ರಸೀದಿಯೂ ಇಲ್ಲದೆ ಸಿಗುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದ ಸಂಬಳಕ್ಕೆ ತೆರಿಗೆ ಸೊನ್ನೆ. ನಿಮ್ಮ ಸಂಬಳ ಅದರೊಳಗೆ ಇದ್ದು ಬೇರೆ ಆದಾಯ ಏನೂ ಇಲ್ಲದಿದ್ದರೆ ಫೀ ರಸೀದಿಗಾಗಿ ಶಾಲೆ ಆಫೀಸಿಗೆ ಅಲೆಯುವುದು ಸುಮ್ನೆ. ಸೊನ್ನೆಯಿಂದ ಏನನ್ನು ಕಳೆಯುತ್ತೀರಿ?

ಅದಕ್ಕಿಂತ ಮೇಲಿದ್ದರೆ ಲೆಕ್ಕ ಹಾಕಬೇಕು. ಠಾಣೆಯಲ್ಲಿ ಬಾಡಿಗೆ ಮನೆಯಲ್ಲಿದ್ದು 18 ಲಕ್ಷ ಸಂಬಳ ಪಡೆಯುವ ಒಬ್ಬರು ಅಂದುಕೊಳ್ಳಿ. ಹೊಸ ರೆಜೀಮ್‌ನಲ್ಲಿ 75,000 ಕಳೆದು 17.25 ಲಕ್ಷಕ್ಕೆ ತೆರಿಗೆ, ಸೆಸ್ ಸೇರಿ 1,50,800. ಹಳೆಯದಕ್ಕೆ ಬಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬರೀ 50,000. ಅವರಿಗೆ 80ಸಿ ಪೂರ್ತಿ 1.5 ಲಕ್ಷ, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ 2 ಲಕ್ಷ ಇದೆ ಅನ್ನಿ. ತೆರಿಗೆ 2,41,800 ಆಗುತ್ತದೆ. ಅಂದರೆ ಮಕ್ಕಳ ಫೀ ತೋರಿಸಬೇಕು ಅನ್ನುವ ಹಟಕ್ಕೆ ಹಳೆ ರೆಜೀಮ್ ಹಿಡಿದರೆ 91,000 ರೂಪಾಯಿ ಕೈಯಿಂದ ಹೋಗುತ್ತದೆ. ಇನ್ನು ಅದೇ ಮನುಷ್ಯ ಮಗಳ ಎಂಎಸ್ ಲೋನ್‌ಗೆ ವರ್ಷಕ್ಕೆ 3.2 ಲಕ್ಷ ಬಡ್ಡಿ ಕಟ್ಟುತ್ತಿದ್ದರೆ ಹಳೆ ರೆಜೀಮ್‌ನ ತೆರಿಗೆ 1,41,960ಕ್ಕೆ ಇಳಿಯುತ್ತದೆ. ಆಗ ಹಳೆಯದೇ ಮೇಲು, ಅದೂ ಬರೀ 8,840 ರೂಪಾಯಿಗೆ. ಈ ಸಂಬಳಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಸುಮಾರು 6.42 ಲಕ್ಷದಷ್ಟು ಕಡಿತಗಳು ಕೂಡಿದರೆ ಮಾತ್ರ ಎರಡೂ ಸಮ ಆಗುತ್ತವೆ. ಫೀ ಒಂದರಿಂದ ಅಲ್ಲಿಗೆ ಮುಟ್ಟುವುದು ಆಗದ ಮಾತು.

ಈ ಲೆಕ್ಕವನ್ನು ನೀವು ಕೈಯಲ್ಲಿ ಮಾಡಬೇಕಾಗಿಲ್ಲ. ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲೇ ಕ್ಯಾಲ್ಕುಲೇಟರ್ ಇದೆ, ಎರಡೂ ರೆಜೀಮ್ ಪಕ್ಕಪಕ್ಕ ತೋರಿಸುತ್ತದೆ.

ಆಫೀಸಿನವರು ವರ್ಷವಿಡೀ ಹೊಸ ರೆಜೀಮ್ ಪ್ರಕಾರ ಟಿಡಿಎಸ್ (ಸಂಬಳ ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿದಿದ್ದರೂ ಸಂಬಳದವರು ರಿಟರ್ನ್ ತುಂಬುವಾಗ ಹಳೆಯದಕ್ಕೆ ಬರಬಹುದು. ಆದರೆ ಕೊನೆಯ ದಿನದೊಳಗೆ ತುಂಬಿದರೆ ಮಾತ್ರ. ಜುಲೈ 31 ದಾಟಿ ಲೇಟಾಗಿ ತುಂಬಿದರೆ ಆ ಬಾಗಿಲು ಮುಚ್ಚಿತು, ಹೊಸ ರೆಜೀಮೇ ಗತಿ, 80ಇ ಎಲ್ಲ ಹೋಯಿತು. ಮೂರು ಲಕ್ಷ ಬಡ್ಡಿ ಕಟ್ಟಿದವರಿಗೆ ಇದು ಸಣ್ಣ ವಿಷಯ ಅಲ್ಲ. ಹೋಟೆಲ್, ಕ್ಯಾಂಟೀನ್ ಅಂತ ವ್ಯಾಪಾರ ಇರುವವರಿಗೆ ನಿಯಮ ಬೇರೆ. ಅವರು ಕೊನೆಯ ದಿನದೊಳಗೆ ಫಾರ್ಮ್ 10-ಐಇಎ ಹಾಕಿ ಹಳೆಯದಕ್ಕೆ ಬರಬೇಕು, ಮತ್ತೆ ಹೊಸದಕ್ಕೆ ಮರಳಿದರೆ ವ್ಯಾಪಾರ ಇರುವವರೆಗೆ ಹಳೆಯದು ಸಿಗುವುದಿಲ್ಲ. ನಮ್ಮ ಹೋಟೆಲ್ ಮಂದಿ ಇದನ್ನು ಸಿಎ ಜೊತೆ ಕೂತೇ ತೀರ್ಮಾನ ಮಾಡುವುದು ಒಳ್ಳೆಯದು.

ಸ್ಕೂಲ್ ಫೀ: 80ಸಿ

ಹಳೆ ರೆಜೀಮ್ ಲಾಭ ಅಂತ ಗೊತ್ತಾದ ಮೇಲೆ ಈಗ ರಸೀದಿ ತೆಗೆಯಿರಿ. 80ಸಿ ಕೆಳಗೆ ಬರುವುದು ಟ್ಯೂಷನ್ ಫೀ ಮಾತ್ರ. ಅಂದರೆ ಪಾಠ ಹೇಳಿಕೊಡುವುದಕ್ಕೆ ಶಾಲೆ ತೆಗೆದುಕೊಳ್ಳುವ ಹಣ. ಡೆವಲಪ್‌ಮೆಂಟ್ ಫೀ ಇಲ್ಲ, ಡೊನೇಶನ್ ಇಲ್ಲ. ಬಸ್ಸು, ಯೂನಿಫಾರ್ಮ್, ಪುಸ್ತಕ, ಊಟ, ಹಾಸ್ಟೆಲ್, ಲೇಟ್ ಫೀ ಯಾವುದೂ ಇಲ್ಲ. ಶಾಲೆ ಭಾರತದೊಳಗೆ ಇರಬೇಕು, ಓದು ಪೂರ್ಣಾವಧಿಯದ್ದಾಗಿರಬೇಕು. ಪ್ಲೇ ಸ್ಕೂಲ್, ನರ್ಸರಿ ಕೂಡ ಬರುತ್ತವೆ, ನೇರ ತೆರಿಗೆಗಳ ಕೇಂದ್ರ ಮಂಡಳಿಯ (ಸಿಬಿಡಿಟಿ) ಸುತ್ತೋಲೆಯಲ್ಲೇ ಹಾಗೆ ಹೇಳಿದೆ. ಮೂರು ವರ್ಷದ ಮಗುವಿಗೆ ಲಕ್ಷ ಕೊಡುವ ಈ ಊರಿನಲ್ಲಿ ಅಷ್ಟಾದರೂ ಸಮಾಧಾನ.

ಯಾರ ಫೀ? ನಿಮ್ಮ ಮಕ್ಕಳದ್ದು, ಅದೂ ಇಬ್ಬರದ್ದು ಮಾತ್ರ. ನಿಮ್ಮ ಸ್ವಂತ ಕೋರ್ಸ್ ಫೀ ಬರುವುದಿಲ್ಲ, ಹೆಂಡತಿ ಅಥವಾ ಗಂಡನ ಎಂಬಿಎ ಫೀ ಬರುವುದಿಲ್ಲ. ಊರಿನಿಂದ ಬಂದು ನಿಮ್ಮ ಮನೆಯಲ್ಲೇ ಇದ್ದು ಓದುವ ತಮ್ಮನ ಫೀ, ಅಕ್ಕನ ಮಗನ ಫೀ ನೀವೇ ಕಟ್ಟಿದರೂ ಬರುವುದಿಲ್ಲ. ಇದನ್ನು ಹೇಳಿದರೆ ಬಹಳ ಜನಕ್ಕೆ ಬೇಜಾರಾಗುತ್ತದೆ. ಮುಂಬೈಗೆ ಬಂದ ನಮ್ಮವರಲ್ಲಿ ತಮ್ಮ-ತಂಗಿಯರನ್ನು ಓದಿಸಿದವರೇ ಜಾಸ್ತಿ. ಆದರೆ ಕಾಯ್ದೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೂರು ಮಕ್ಕಳಿದ್ದರೆ ಇಬ್ಬರದ್ದು ಗಂಡ, ಒಬ್ಬರದ್ದು ಹೆಂಡತಿ ತೋರಿಸಬಹುದು, ಇಬ್ಬರಿಗೂ ಬೇರೆ ಬೇರೆ ಮಿತಿ. ಒಂದೇ ಮಗುವಿನ ಫೀಯನ್ನು ಇಬ್ಬರೂ ಹಂಚಿಕೊಂಡು ಕಟ್ಟಿದರೆ ಅವರವರು ಕಟ್ಟಿದಷ್ಟು ಅವರವರು ತೋರಿಸಬಹುದು. ಒಂದೇ ರಸೀದಿಯ ಪೂರ್ತಿ ಮೊತ್ತವನ್ನು ಇಬ್ಬರೂ ಹಾಕಿಕೊಳ್ಳುವಂತಿಲ್ಲ. ರಸೀದಿ ಮಗುವಿನ ಹೆಸರಲ್ಲಿ ಇರುತ್ತದೆ, ಹಾಗಾಗಿ ಯಾರ ಅಕೌಂಟಿನಿಂದ ಹೋಯಿತು ಅನ್ನುವುದೇ ಸಾಕ್ಷಿ. ನಗದು ಕೊಟ್ಟು ಆಮೇಲೆ ಒದ್ದಾಡಬೇಡಿ.

ಈಗ ಇಲ್ಲಿನ ಒಂದು ವಿಶೇಷಕ್ಕೆ ಬರೋಣ. ಹತ್ತನೇ ಮುಗಿದ ಮೇಲೆ ಮಕ್ಕಳು ಜೂನಿಯರ್ ಕಾಲೇಜ್ ಸೇರುತ್ತಾರೆ, ಆದರೆ ನಿಜವಾಗಿ ಹೋಗುವುದು ಕೋಚಿಂಗ್ ಕ್ಲಾಸಿಗೆ. ಜೆಇಇ, ನೀಟ್ ಅಂತ ಇಂಟಿಗ್ರೇಟೆಡ್ ವ್ಯವಸ್ಥೆ. ಕಾಲೇಜಿನ ಫೀ ಕೆಲವು ಸಾವಿರ, ಕ್ಲಾಸಿನ ಫೀ ಲಕ್ಷಗಳಲ್ಲಿ. 80ಸಿಗೆ ಬರುವುದು ಆ ಕೆಲವು ಸಾವಿರ ಮಾತ್ರ. ಕ್ಲಾಸು ಎಷ್ಟೇ ದೊಡ್ಡ ಹೆಸರಿನದ್ದಾಗಲಿ, ಶಾಲೆ-ಕಾಲೇಜು ಅಲ್ಲ. ಕೆಲವು ಕಡೆ ಎರಡನ್ನೂ ಸೇರಿಸಿ ಒಂದೇ ರಸೀದಿ ಕೊಡುತ್ತಾರೆ. ಅದನ್ನು ಹಾಗೇ ತೋರಿಸಬೇಡಿ, ಕಾಲೇಜಿನಿಂದ ಬೇರೆ ರಸೀದಿ ಕೇಳಿ. ಮನೆಗೆ ಬಂದು ಪಾಠ ಹೇಳುವ ಟೀಚರ್‌ಗೆ ಕೊಟ್ಟದ್ದೂ ಇದೇ ಗುಂಪು, ಹೆಸರಿನಲ್ಲಿ ಟ್ಯೂಷನ್ ಅಂತ ಇದ್ದರೂ.

ಶಾಲೆಗಳೂ ಅಷ್ಟೇ. ಕೆಲವು ಆನ್‌ಲೈನ್ ರಸೀದಿಗಳಲ್ಲಿ ಕಂಪೋಸಿಟ್ ಫೀ, ಆ್ಯನುವಲ್ ಫೀ ಅಂತ ಒಂದೇ ಸಾಲು ಇರುತ್ತದೆ. ಆಫೀಸಿಗೆ ಹೋಗಿ, ಇನ್‌ಕಮ್ ಟ್ಯಾಕ್ಸಿಗೆ ಟ್ಯೂಷನ್ ಫೀ ಬಿಡಿಸಿ ಬರೆದ ಸರ್ಟಿಫಿಕೇಟ್ ಬೇಕು ಅನ್ನಿ. ಜನವರಿಯಲ್ಲಿ ಎಲ್ಲರೂ ಕೇಳುವುದರಿಂದ ಅವರ ಹತ್ತಿರ ಮಾದರಿ ತಯಾರೇ ಇರುತ್ತದೆ. ಟರ್ಮ್ ಫೀ ಅಂತ ಬೇರೆ ಸಾಲಿದ್ದರೆ ನನ್ನ ಸಲಹೆ, ಅದನ್ನು ಬಿಟ್ಟುಬಿಡಿ. ಸಾವಿರ ರೂಪಾಯಿಗೆ ತಗಾದೆ ಯಾಕೆ?

ವರ್ಷದ ಲೆಕ್ಕ ಶಾಲೆಯ ಜೂನ್‌ನಿಂದಲ್ಲ, ಏಪ್ರಿಲ್ 1ರಿಂದ ಮಾರ್ಚ್ 31. ಹಣ ಯಾವತ್ತು ಕಟ್ಟಿದಿರೋ ಅದೇ ದಿನ. ಮುಂದಿನ ತರಗತಿಯ ಫೀ ಮಾರ್ಚ್‌ನಲ್ಲೇ ಕಟ್ಟಿದ್ದರೆ ಅದು ಈ ವರ್ಷಕ್ಕೇ ಬರುತ್ತದೆ.

ಇಷ್ಟೆಲ್ಲ ಆದ ಮೇಲೂ 80ಸಿ ಮಿತಿ ಒಟ್ಟು 1.5 ಲಕ್ಷ. ಪಿಎಫ್, ಎಲ್ಐಸಿ, ಪಿಪಿಎಫ್, ಹೋಮ್ ಲೋನ್ ಅಸಲು ಎಲ್ಲವೂ ಅದೇ 1.5 ಲಕ್ಷದೊಳಗೆ. ನಿಮ್ಮ ಬೇಸಿಕ್ ತಿಂಗಳಿಗೆ 75,000 ಇದ್ದು ಅದರ 12 ಶೇಕಡಾ ಪಿಎಫ್ ಹೋಗುತ್ತಿದ್ದರೆ ವರ್ಷಕ್ಕೆ 1,08,000 ಅಲ್ಲೇ ತುಂಬಿತು. ಫೀಗೆ ಉಳಿಯುವ ಜಾಗ 42,000. ಒಂದು ಎಲ್ಐಸಿ ಪಾಲಿಸಿಯೂ ಇದ್ದರೆ ಅದೂ ಮುಗಿಯಿತು. ಆದ್ದರಿಂದ ಮೊದಲು ಆಫೀಸಿನವರು ಕೊಡುವ ಫಾರ್ಮ್ 16ರಲ್ಲಿ 80ಸಿ ಎಷ್ಟು ತುಂಬಿದೆ ನೋಡಿ. ಆಗಲೇ 1.5 ಲಕ್ಷ ಇದ್ದರೆ ಶಾಲೆಗೆ ಹೋಗಿ ಸರ್ಟಿಫಿಕೇಟ್ ಕೇಳುವ ಕೆಲಸವೇ ಬೇಡ.

ಸಂಬಳದಲ್ಲಿ ಚಿಲ್ಡ್ರನ್ಸ್ ಎಜುಕೇಶನ್ ಅಲೋವೆನ್ಸ್ ಬರುತ್ತಿದ್ದರೆ 2025-26ರ ಲೆಕ್ಕಕ್ಕೆ ವಿನಾಯಿತಿ ಒಂದು ಮಗುವಿಗೆ ತಿಂಗಳಿಗೆ 100 ರೂಪಾಯಿ, ಹಾಸ್ಟೆಲ್‌ಗೆ 300, ಇಬ್ಬರು ಮಕ್ಕಳವರೆಗೆ. ನೂರು ರೂಪಾಯಿಗೆ ಮಾಟುಂಗಾದಲ್ಲಿ ಇಬ್ಬರು ಮಕ್ಕಳಿಗೆ ಮಸಾಲೆ ದೋಸೆ ಕೊಡಿಸಲಿಕ್ಕೂ ಸಾಲದು. ಕಂಪನಿಯವರೇ ಮಗುವಿನ ಫೀಯನ್ನು ನೇರವಾಗಿ ಶಾಲೆಗೆ ಕಟ್ಟಿದರೆ ಅದು ಪರ್ಕ್ವಿಸಿಟ್ (ಕಂಪನಿ ಕೊಟ್ಟ ಸೌಲಭ್ಯ) ಆಗಿ ನಿಮ್ಮ ಸಂಬಳಕ್ಕೆ ಸೇರುತ್ತದೆ, ಫಾರ್ಮ್ 16ರ ಜೊತೆ ಬರುವ 12ಬಿಎ ನೋಡಿದರೆ ತಿಳಿಯುತ್ತದೆ.

ಲೋನ್ ಬಡ್ಡಿ: 80ಇ

ನಿಧಾನವಾಗಿ ಓದಬೇಕಾದ ಭಾಗ ಇದು.

80ಇ ಕೆಳಗೆ ಎಜುಕೇಶನ್ ಲೋನ್‌ಗೆ ಕಟ್ಟಿದ ಬಡ್ಡಿ ಪೂರ್ತಿ ಕಳೆಯಬಹುದು. ಮೇಲ್ಮಿತಿ ಇಲ್ಲ. 80ಸಿಯ 1.5 ಲಕ್ಷಕ್ಕೂ ಇದಕ್ಕೂ ಸಂಬಂಧ ಇಲ್ಲ. ಎರಡು ಲಕ್ಷ ಕಟ್ಟಿದರೆ ಎರಡು ಲಕ್ಷ, ಐದು ಲಕ್ಷ ಕಟ್ಟಿದರೆ ಐದು ಲಕ್ಷ. ಅಸಲಿಗೆ ಮಾತ್ರ ಏನೂ ಸಿಗುವುದಿಲ್ಲ. ಇಎಂಐಯ ಪೂರ್ತಿ ಮೊತ್ತ ಹಾಕುವವರು ಇದ್ದಾರೆ, ಅದು ತಪ್ಪು. ಬ್ಯಾಂಕಿನಿಂದ ಇಂಟರೆಸ್ಟ್ ಸರ್ಟಿಫಿಕೇಟ್ ತೆಗೆದುಕೊಂಡರೆ ಬಡ್ಡಿ ಎಷ್ಟು, ಅಸಲು ಎಷ್ಟು ಅಂತ ಬೇರೆ ಬೇರೆ ಇರುತ್ತದೆ.

ಓದು ಇಲ್ಲೇ ಆಗಬೇಕು ಅಂತಿಲ್ಲ. ಹೊರದೇಶದ್ದೂ ಆಗುತ್ತದೆ. ಹನ್ನೆರಡನೇ ತರಗತಿ ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾದ ಮೇಲಿನ ಯಾವ ಕೋರ್ಸ್ ಆದರೂ ನಡೆಯುತ್ತದೆ. ಲೋನ್ ಬ್ಯಾಂಕಿನದ್ದಾಗಿರಬೇಕು, ಅಥವಾ ಸರ್ಕಾರ ಅಧಿಸೂಚನೆ ಹೊರಡಿಸಿದ ಹಣಕಾಸು ಸಂಸ್ಥೆಯದ್ದು, ಅಥವಾ ಮಾನ್ಯತೆ ಪಡೆದ ಧರ್ಮಾರ್ಥ ಸಂಸ್ಥೆಯದ್ದು. ಮಾವನಿಂದ ತಂದ ಸಾಲ, ಆಫೀಸಿನಿಂದ ತೆಗೆದ ಅಡ್ವಾನ್ಸ್, ಚಿನ್ನ ಅಡವಿಟ್ಟು ತಂದದ್ದು, ಪರ್ಸನಲ್ ಲೋನ್, ಇವೆಲ್ಲ ಓದಿಗೇ ಖರ್ಚಾಗಿದ್ದರೂ ಇಲ್ಲಿ ಹಾಕಲು ಹೋಗಬೇಡಿ. ಅಪ್ಪ ಹೋಮ್ ಲೋನ್ ಮೇಲೆ ಟಾಪ್-ಅಪ್, ಅಂದರೆ ಹೆಚ್ಚುವರಿ ಸಾಲ, ತೆಗೆದು ಮಗನನ್ನು ಕಳಿಸಿದ ಮನೆಗಳು ಡೊಂಬಿವಲಿಯಿಂದ ಚಿಂಚ್‌ವಾಡ್‌ವರೆಗೆ ಎಷ್ಟೋ ಇವೆ. ಬಡ್ಡಿ ಸ್ವಲ್ಪ ಕಡಿಮೆ ಸಿಗುತ್ತದೆ ಅಂತ ಟಾಪ್-ಅಪ್ ಆರಿಸುವ ಮೊದಲು 80ಇ ಕೈತಪ್ಪುವುದನ್ನೂ ಲೆಕ್ಕಕ್ಕೆ ಸೇರಿಸಿ. 30 ಶೇಕಡಾ ಸ್ಲ್ಯಾಬ್‌ನಲ್ಲಿದ್ದು ಹಳೆ ರೆಜೀಮ್‌ನಲ್ಲಿ ಇರುವವರಿಗೆ ಪ್ರತಿ ಲಕ್ಷ ಬಡ್ಡಿಗೆ ಸೆಸ್ ಸೇರಿ 31,200 ಉಳಿಯುತ್ತದೆ.

ಯಾರು ತೋರಿಸಬಹುದು? ಲೋನ್ ತೆಗೆದವರು, ತಮ್ಮ ಆದಾಯದಿಂದ ಬಡ್ಡಿ ಕಟ್ಟಿದವರು. ಓದುವವರು ತಾವೇ ಆಗಿರಬಹುದು, ಗಂಡ ಅಥವಾ ಹೆಂಡತಿ, ಮಕ್ಕಳು, ಇಲ್ಲವೇ ನೀವು ಕಾನೂನು ಪ್ರಕಾರ ಪೋಷಕರಾಗಿರುವ ವಿದ್ಯಾರ್ಥಿ. ಗಮನಿಸಿ, ಹೆಂಡತಿಯ ಫೀ 80ಸಿಗೆ ಬರುವುದಿಲ್ಲ, ಆದರೆ ಅವಳ ಓದಿಗೆ ತೆಗೆದ ಲೋನ್ ಬಡ್ಡಿ 80ಇಗೆ ಬರುತ್ತದೆ. ತಮ್ಮನ ಲೋನ್‌ಗೆ ಅಣ್ಣ ಸಹಿ ಹಾಕಿ ತಾನೇ ಕಟ್ಟುತ್ತಿದ್ದರೆ ಅಣ್ಣನಿಗೆ ಸಿಗುವುದಿಲ್ಲ. ಇನ್ನೊಂದು ಕಡೆ ಎಡವುವುದು ಹೀಗೆ: ಲೋನ್ ಮಗಳ ಹೆಸರಲ್ಲಿ ಮಾತ್ರ ಇರುತ್ತದೆ, ಕಟ್ಟುವವರು ಅಪ್ಪ. ಲೋನ್ ತೆಗೆದವರಲ್ಲಿ ಅಪ್ಪನ ಹೆಸರೇ ಇಲ್ಲದಿದ್ದರೆ ಅವರು ಹೇಗೆ ತೋರಿಸುತ್ತಾರೆ? ಗ್ಯಾರಂಟಿ ಸಹಿ ಹಾಕಿದ್ದು ಸಾಲದು. ಸ್ಯಾಂಕ್ಷನ್ ಆಗುವ ಮೊದಲೇ, ಮುಂದೆ ಕಟ್ಟುವವರು ಯಾರೋ ಅವರನ್ನು ಕೋ-ಬಾರೋವರ್ (ಜೊತೆ ಸಾಲಗಾರ) ಮಾಡಿಸಿ, ಇಎಂಐ ಅವರ ಅಕೌಂಟಿನಿಂದಲೇ ಹೋಗಲಿ. ಮಗಳಿಗೆ ಅಲ್ಲೇ ಕೆಲಸ ಸಿಕ್ಕಿ ಅವಳೇ ಕಟ್ಟಲು ಶುರು ಮಾಡಿದರೆ, ಅವಳಿಗೆ ಭಾರತದಲ್ಲಿ ತೆರಿಗೆ ಬೀಳುವ ಆದಾಯ ಇದ್ದರೆ ಮಾತ್ರ ಆ ಕಡಿತದಿಂದ ಪ್ರಯೋಜನ.

ಎಂಟು ವರ್ಷದ ಗಡಿಯಾರ. ಬಡ್ಡಿ ಕಟ್ಟಲು ಶುರು ಮಾಡಿದ ವರ್ಷ ಮತ್ತು ಅದರ ಮುಂದಿನ ಏಳು ವರ್ಷ, ಇಲ್ಲವೇ ಬಡ್ಡಿ ತೀರುವವರೆಗೆ, ಯಾವುದು ಮೊದಲೋ ಅದು. ಲೋನ್ ಸ್ಯಾಂಕ್ಷನ್ ಆದ ದಿನದಿಂದಲ್ಲ, ಇಎಂಐ ಶುರುವಾದ ದಿನದಿಂದಲೂ ಅಲ್ಲ, ಮೊದಲ ಬಡ್ಡಿ ಕಟ್ಟಿದ ವರ್ಷದಿಂದ. ಮಗ ಓದುತ್ತಿರುವಾಗಲೇ ಮೊರಟೋರಿಯಂ ಅವಧಿಯಲ್ಲಿ (ಇಎಂಐ ಇನ್ನೂ ಶುರುವಾಗದ ಕಾಲ) ತಿಂಗಳಿಗೆ ಸ್ವಲ್ಪ ಬಡ್ಡಿ ಕಟ್ಟಿದರೂ ಗಡಿಯಾರ ಓಡತೊಡಗುತ್ತದೆ. ಹಾಗಂತ ಕಟ್ಟುವುದೇ ಬೇಡ ಅನ್ನುತ್ತಿಲ್ಲ, ಕಟ್ಟದೆ ಬಿಟ್ಟರೆ ಬಡ್ಡಿ ಬೆಳೆಯುತ್ತದೆ, ಅದು ತೆರಿಗೆ ಉಳಿತಾಯಕ್ಕಿಂತ ದೊಡ್ಡ ಹೊರೆ. ಆದರೆ ಹದಿನೈದು ವರ್ಷದ ಲೋನ್ ತೆಗೆದು ಹದಿನೈದು ವರ್ಷವೂ 80ಇ ಸಿಗುತ್ತದೆ ಅಂತ ಅಂದುಕೊಂಡಿದ್ದರೆ ಆ ಲೆಕ್ಕ ಈಗಲೇ ಸರಿ ಮಾಡಿಕೊಳ್ಳಿ. ಕೈಯಲ್ಲಿ ಹಣ ಬಂದಾಗ ಮೊದಲ ಎಂಟು ವರ್ಷದೊಳಗೆ ಆದಷ್ಟು ತೀರಿಸುವುದೇ ಜಾಣತನ.

ರಿಟರ್ನ್‌ನಲ್ಲಿ ಈಗ ಸುಮ್ನೆ ಮೊತ್ತ ಹಾಕಿದರೆ ಸಾಲದು. ಅಸೆಸ್‌ಮೆಂಟ್ ವರ್ಷ 2025-26ರಿಂದ 80ಇಗೆ ಬೇರೆ ಶೆಡ್ಯೂಲ್ ಬಂದಿದೆ. ಕೊಟ್ಟವರ ಹೆಸರು, ಲೋನ್ ಅಕೌಂಟ್ ನಂಬರ್, ಸ್ಯಾಂಕ್ಷನ್ ಆದ ದಿನ, ಒಟ್ಟು ಲೋನ್, ಮಾರ್ಚ್ 31ಕ್ಕೆ ಬಾಕಿ ಎಷ್ಟು, ಬಡ್ಡಿ ಎಷ್ಟು, ಎಲ್ಲ ಕೇಳುತ್ತದೆ. 80ಸಿಗೂ ಡಾಕ್ಯುಮೆಂಟ್ ನಂಬರ್ ಕೇಳುತ್ತದೆ, ಫೀ ಆದರೆ ರಸೀದಿ ನಂಬರ್ ಹಾಕಿ. ಹಾಗಾಗಿ ಕೂರುವ ಮೊದಲೇ ಸ್ಯಾಂಕ್ಷನ್ ಲೆಟರ್, ಇಂಟರೆಸ್ಟ್ ಸರ್ಟಿಫಿಕೇಟ್, ಲೋನ್ ಸ್ಟೇಟ್‌ಮೆಂಟ್ ಪಕ್ಕದಲ್ಲಿ ಇಟ್ಟುಕೊಳ್ಳಿ.

ಸ್ಕಾಲರ್‌ಶಿಪ್: 10(16)

ಇದು ಎಲ್ಲಕ್ಕಿಂತ ಸುಲಭ. ಓದಿನ ಖರ್ಚಿಗೆ ಅಂತ ಕೊಟ್ಟ ಸ್ಕಾಲರ್‌ಶಿಪ್‌ಗೆ ಸೆಕ್ಷನ್ 10(16) ಪ್ರಕಾರ ತೆರಿಗೆ ಇಲ್ಲ. ಕೊಟ್ಟವರು ಸರ್ಕಾರವೇ ಆಗಬೇಕು ಅಂತಿಲ್ಲ. ಮಹಾರಾಷ್ಟ್ರ ಸರ್ಕಾರದ ಮಹಾಡಿಬಿಟಿ ಪೋರ್ಟಲ್ ಮೂಲಕ ಬಂದದ್ದಿರಲಿ, ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್‌ನಂಥ ಸಂಘಗಳು ಕೊಟ್ಟದ್ದಿರಲಿ, ಯಾವುದೋ ಟ್ರಸ್ಟ್ ಕೊಟ್ಟದ್ದಿರಲಿ, ಎಲ್ಲ ಒಂದೇ. ಮೊತ್ತಕ್ಕೆ ಮಿತಿಯೂ ಇಲ್ಲ. ಆದರೆ ಆ ಹಣವನ್ನು ಎಫ್‌ಡಿ ಇಟ್ಟು ಬಂದ ಬಡ್ಡಿಗೆ ವಿನಾಯಿತಿ ಇಲ್ಲ. ಮಗು ಹದಿನೆಂಟಕ್ಕಿಂತ ಚಿಕ್ಕದಾದರೆ ಆ ಬಡ್ಡಿ ಅಪ್ಪ-ಅಮ್ಮನಲ್ಲಿ ಯಾರ ಆದಾಯ ಜಾಸ್ತಿಯೋ ಅವರ ಲೆಕ್ಕಕ್ಕೆ ಸೇರುತ್ತದೆ.

ತುಂಬುವುದು ಎಲ್ಲಿ? ಮೊತ್ತ ಬಂದದ್ದು ವಿದ್ಯಾರ್ಥಿಗೆ, ಆದ್ದರಿಂದ ಅದು ಅವರ ರಿಟರ್ನ್‌ನಲ್ಲಿ, ಅವರು ರಿಟರ್ನ್ ತುಂಬುವವರಾಗಿದ್ದರೆ. ಐಟಿಆರ್-1 ಅನ್ನುವ ರಿಟರ್ನ್ ಫಾರ್ಮ್‌ನಲ್ಲಿ ಗ್ರಾಸ್ ಟೋಟಲ್ ಇನ್‌ಕಮ್ ಪುಟದ ಕೆಳಗೆ ಎಕ್ಸೆಂಪ್ಟ್ ಇನ್‌ಕಮ್ ಅಂತ ಇದೆ, ಅಲ್ಲಿ ಪಟ್ಟಿಯಿಂದ 10(16) ಆರಿಸಿ ಮೊತ್ತ ಹಾಕಿ. ಐಟಿಆರ್-2 ಆದರೆ ಶೆಡ್ಯೂಲ್ ಇಐ. ಕಾಲೇಜಿಗೆ ಹೋಗುವ ಮಗುವಿಗೆ ಬೇರೆ ಆದಾಯ ಇಲ್ಲದಿದ್ದರೆ ಇದೊಂದಕ್ಕಾಗಿ ರಿಟರ್ನ್ ತುಂಬುವ ಅಗತ್ಯ ಇಲ್ಲ. ಅಪ್ಪನ ರಿಟರ್ನ್‌ನಲ್ಲಿ ತಂದು ಹಾಕುವುದಂತೂ ಬೇಡವೇ ಬೇಡ.

ಐಐಟಿ ಬಾಂಬೆಯಲ್ಲೋ ಪುಣೆಯ ಐಸರ್‌ನಲ್ಲೋ ಪಿಎಚ್‌ಡಿ ಮಾಡುವವರಿಗೆ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ತಿಂಗಳಿಗೆ 37,000, ಆಮೇಲೆ ಎಸ್‌ಆರ್‌ಎಫ್ (ಸೀನಿಯರ್) 42,000 ಬರುತ್ತದೆ. ಈ ಫೆಲೋಶಿಪ್‌ಗಳನ್ನು ಸಾಮಾನ್ಯವಾಗಿ 10(16) ಕೆಳಗೇ ತೋರಿಸುತ್ತಾರೆ. ಎಚ್‌ಆರ್‌ಎ ಕೂಡ ಸಿಗುತ್ತಿದ್ದರೆ ಅವಾರ್ಡ್ ಲೆಟರ್ ಇಟ್ಟುಕೊಂಡು ಒಮ್ಮೆ ತಿಳಿದವರನ್ನು ಕೇಳಿ. ಎಲ್ಲಾದರೂ ಟಿಡಿಎಸ್ ಹಿಡಿದಿದ್ದರೆ ರಿಟರ್ನ್ ತುಂಬಿದರೆ ಮಾತ್ರ ರಿಫಂಡ್ ಬರುತ್ತದೆ.

ಸ್ಟೈಪೆಂಡ್ ಅಂತ ಕರೆದ ಮಾತ್ರಕ್ಕೆ ಅದು ಸ್ಕಾಲರ್‌ಶಿಪ್ ಆಗುವುದಿಲ್ಲ. ಕೆಲಸ ಮಾಡಿಸಿಕೊಂಡು ಕೊಡುವುದು ಸಂಬಳವೇ. ಹಿಂಜೆವಾಡಿಯ ಕಂಪನಿಯಲ್ಲಿ ಆರು ತಿಂಗಳು ಇಂಟರ್ನ್‌ಶಿಪ್ ಮಾಡಿ ಪಡೆದದ್ದು ತೆರಿಗೆ ಬೀಳುವ ಆದಾಯ. ಆಸ್ಪತ್ರೆಯಲ್ಲಿ ರೆಸಿಡೆಂಟ್ ಡಾಕ್ಟರ್ ಆಗಿರುವವರಿಗೆ ಸಂಬಳದಂತೆ ಟಿಡಿಎಸ್ ಹಿಡಿದು ಫಾರ್ಮ್ 16 ಕೊಟ್ಟಿದ್ದರೆ, ಅದನ್ನು 10(16)ಗೆ ಹಾಕಿ ರಿಫಂಡ್ ಕೇಳಿದರೆ ನೋಟಿಸ್ ಬರುವುದು ಖಂಡಿತ ಅಂದುಕೊಳ್ಳಿ.

ಸ್ಕಾಲರ್‌ಶಿಪ್ ಮತ್ತು ಫೀ ಎರಡೂ ಇದ್ದರೆ? ಫೀ 80,000, ಅದರಲ್ಲಿ ಅರ್ಧ ಸರ್ಕಾರದ ಯೋಜನೆಯಿಂದ ನೇರ ಕಾಲೇಜಿಗೆ ಹೋಯಿತು, ನೀವು ಕಟ್ಟಿದ್ದು 40,000. 80ಸಿಗೆ ಹಾಕಬೇಕಾದ್ದು 40,000. ಪೂರ್ತಿ ನೀವೇ ಮೊದಲು ಕಟ್ಟಿ ಆಮೇಲೆ ಅರ್ಧ ಅಕೌಂಟಿಗೆ ವಾಪಸ್ ಬಂದಿದ್ದರೂ ನಾನಾದರೆ ನಿಜಕ್ಕೂ ಜೇಬಿನಿಂದ ಹೋದಷ್ಟನ್ನೇ ತೋರಿಸುತ್ತೇನೆ. ಸ್ಕಾಲರ್‌ಶಿಪ್‌ಗೆ ತೆರಿಗೆಯೂ ಇಲ್ಲ, ಅದೇ ಹಣದ ಫೀಗೆ ಕಡಿತವೂ ಬೇಕು ಅನ್ನುವುದು ಕೇಳಲಿಕ್ಕೂ ಚೆನ್ನಾಗಿಲ್ಲ.

ಹೊರದೇಶಕ್ಕೆ ಕಳಿಸಿದ ಹಣದ ಟಿಸಿಎಸ್

ಮೇಲಿನವೆಲ್ಲ ಆದಾಯದಿಂದ ಕಳೆಯುವಂಥವು. ತೆರಿಗೆಯಿಂದಲೇ ನೇರವಾಗಿ ಕಳೆಯುವುದು ಇದೊಂದು. ಸ್ವಂತ ಉಳಿತಾಯದಿಂದ ಓದಿಗೆ ಹೊರದೇಶಕ್ಕೆ ಹಣ ಕಳಿಸಿದರೆ ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತದ ಮೇಲೆ 2025-26ರಲ್ಲಿ ಬ್ಯಾಂಕ್ 5 ಶೇಕಡಾ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಿತ್ತು. 25 ಲಕ್ಷ ಕಳಿಸಿದ್ದರೆ 15 ಲಕ್ಷದ ಮೇಲೆ 75,000. ಬ್ಯಾಂಕಿನ ಎಜುಕೇಶನ್ ಲೋನ್ ಹಣ ಆದರೆ 2025ರ ಏಪ್ರಿಲ್ 1ರಿಂದ ಟಿಸಿಎಸ್ ಇಲ್ಲವೇ ಇಲ್ಲ.

ಈ 75,000 ಖರ್ಚಲ್ಲ, ನಿಮ್ಮ ಹೆಸರಲ್ಲಿ ಮುಂಗಡ ಕಟ್ಟಿದ ತೆರಿಗೆ. ಹಳೆ ರೆಜೀಮ್ ಇರಲಿ ಹೊಸದಿರಲಿ, ಪೂರ್ತಿ ಸಿಗುತ್ತದೆ. ನಿಮ್ಮ ಪ್ಯಾನ್ ಮೇಲೆ ಜಮಾ ಆದ ತೆರಿಗೆ ತೋರಿಸುವ ಫಾರ್ಮ್ 26ಎಎಸ್ ತೆರೆದು ಅಲ್ಲಿ ಬಂದಿದೆಯಾ ನೋಡಿ, ರಿಟರ್ನ್‌ನ ಟ್ಯಾಕ್ಸ್ ಪೇಯ್ಡ್ ಪುಟದಲ್ಲಿ ಟಿಸಿಎಸ್ ಸಾಲು ತಾನಾಗೇ ತುಂಬಿರುತ್ತದೆ. ಇಲ್ಲದಿದ್ದರೆ ಬ್ಯಾಂಕಿಗೆ ಹೋಗಿ ಪ್ಯಾನ್ ಸರಿ ಹಾಕಿದ್ದಾರಾ ಕೇಳಿ. ಯಾರ ಪ್ಯಾನ್ ಮೇಲೆ ಹೋಯಿತೋ ಅವರಿಗೇ ಜಮಾ. ರಿಟೈರ್ ಆದ ಅಜ್ಜನ ಅಕೌಂಟಿನಿಂದ ಕಳಿಸಿದರೆ ಅಜ್ಜನೇ ರಿಟರ್ನ್ ತುಂಬಬೇಕು. ಸಂಬಳದವರು ಜುಲೈವರೆಗೆ ಕಾಯಬೇಕಾಗಿಯೂ ಇಲ್ಲ. ವರ್ಷದ ನಡುವೆ ಇದಕ್ಕೆಂದೇ ಇರುವ ಫಾರ್ಮ್ (2025-26ರಲ್ಲಿ 12ಬಿಎಎ) ಆಫೀಸಿಗೆ ಕೊಟ್ಟರೆ ಅಷ್ಟು ಟಿಡಿಎಸ್ ಕಡಿಮೆ ಹಿಡಿಯುತ್ತಾರೆ. ಇದು ಬಹಳ ಜನರಿಗೆ ಗೊತ್ತಿಲ್ಲ, ಎಚ್‌ಆರ್‌ನವರೂ ತಾವಾಗಿ ಹೇಳುವುದಿಲ್ಲ.

ಅಮೆರಿಕದಲ್ಲಿ ಓದುವ ಮಕ್ಕಳಿಗೆ

ಅಲ್ಲಿನ ಯೂನಿವರ್ಸಿಟಿ ಟ್ಯೂಷನ್ ಫೀ ತೋರಿಸುವ 1098-ಟಿ ಅಂತ ಒಂದು ಫಾರ್ಮ್ ಕಳಿಸಬಹುದು. ಅದನ್ನು ನೋಡಿ ಇಲ್ಲಿ 80ಸಿಗೆ ಹಾಕಬೇಡಿ, ಹೊರದೇಶದ ಫೀ ಬರುವುದಿಲ್ಲ ಅಂತ ಮೇಲೇ ಹೇಳಿದೆ. ಅಲ್ಲಿಯೂ ಎಫ್-1 ವೀಸಾದ ಮಕ್ಕಳು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆ ಲೆಕ್ಕಕ್ಕೆ ನಾನ್ ರೆಸಿಡೆಂಟ್, ಹಾಗಾಗಿ ಅಲ್ಲಿ ಫೀಗೆ ಸಿಗುವ ತೆರಿಗೆ ರಿಯಾಯಿತಿಗಳು (ಎಜುಕೇಶನ್ ಕ್ರೆಡಿಟ್) ಅವರಿಗಲ್ಲ. ರೂಮ್‌ಮೇಟ್ ತುಂಬಿದ ಅಂತ ತಾನೂ ಫಾರ್ಮ್ 8863 ತುಂಬಿ ಕ್ರೆಡಿಟ್ ಪಡೆದರೆ ಮುಂದೆ ತಿದ್ದಿ ವಾಪಸ್ ಕಟ್ಟಬೇಕಾಗುತ್ತದೆ. ಡಿಗ್ರಿಗೆ ಓದುವವರ ಸ್ಕಾಲರ್‌ಶಿಪ್‌ನಲ್ಲಿ ಟ್ಯೂಷನ್, ಕಡ್ಡಾಯದ ಫೀ ಮತ್ತು ಪುಸ್ತಕಕ್ಕೆ ಹೋದ ಭಾಗಕ್ಕೆ ಅಲ್ಲಿ ತೆರಿಗೆ ಇಲ್ಲ. ಊಟ-ವಸತಿಗೆ ಕೊಟ್ಟ ಭಾಗಕ್ಕೆ ಇದೆ, ಅದು 1042-ಎಸ್ ಫಾರ್ಮ್‌ನಲ್ಲಿ ಬರುತ್ತದೆ. ಅವರು ತುಂಬಬೇಕಾದ್ದು ನಾನ್ ರೆಸಿಡೆಂಟ್‌ಗಳ ರಿಟರ್ನ್ ಆದ 1040-ಎನ್‌ಆರ್, ಆದಾಯವೇ ಇಲ್ಲದಿದ್ದರೂ ಫಾರ್ಮ್ 8843. ಒಂದು ಒಳ್ಳೆಯ ಸುದ್ದಿ ಅಂದರೆ, ಭಾರತದ ವಿದ್ಯಾರ್ಥಿಗಳು ಎರಡೂ ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿಯಡಿ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಬೇರೆ ದೇಶಗಳ ನಾನ್ ರೆಸಿಡೆಂಟ್ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಇದು ಸಿಗುವುದಿಲ್ಲ.

ತುಂಬುವ ಕ್ರಮ

ಪೋರ್ಟಲ್‌ಗೆ ಲಾಗಿನ್ ಆಗಿ, ಇ-ಫೈಲ್‌ನಿಂದ ರಿಟರ್ನ್ ಆರಿಸಿ, ಅಸೆಸ್‌ಮೆಂಟ್ ವರ್ಷ ಸರಿ ಇದೆಯಾ ನೋಡಿ. ಪರ್ಸನಲ್ ಇನ್‌ಫರ್ಮೇಶನ್ ಪುಟದಲ್ಲೇ ಹೊಸ ರೆಜೀಮ್‌ನಿಂದ ಹೊರಬರುತ್ತೀರಾ ಅಂತ ಕೇಳುತ್ತದೆ. ಹಳೆಯದು ಬೇಕಾದವರು ಅಲ್ಲಿ ಯೆಸ್ ಒತ್ತಬೇಕು. ಇದನ್ನು ಬಿಟ್ಟು ನೇರ ಡಿಡಕ್ಷನ್ ಪುಟಕ್ಕೆ ಹೋಗಿ 80ಸಿ, 80ಇ ಕಾಣಿಸುತ್ತಿಲ್ಲ ಅಂತ ಪರದಾಡುವವರು ಎಷ್ಟೋ ಜನ. ಆಮೇಲೆ ಸಂಬಳ, ಎಕ್ಸೆಂಪ್ಟ್ ಇನ್‌ಕಮ್, ಡಿಡಕ್ಷನ್, ಟ್ಯಾಕ್ಸ್ ಪೇಯ್ಡ್ ಹೀಗೆ ಒಂದೊಂದು ಪುಟ ಖಚಿತ ಮಾಡುತ್ತಾ ಹೋಗಿ. ಜನವರಿಯಲ್ಲಿ ಆಫೀಸಿಗೆ ಪ್ರೂಫ್ ಕೊಡುವುದು ಮರೆತಿದ್ದರೂ ಪರವಾಗಿಲ್ಲ, ಫಾರ್ಮ್ 16ರಲ್ಲಿ ಇಲ್ಲದ ಫೀ, ಬಡ್ಡಿಯನ್ನು ಇಲ್ಲಿ ನೇರವಾಗಿ ಹಾಕಬಹುದು. ರಿಟರ್ನ್ ಜೊತೆ ಯಾವ ಕಾಗದವನ್ನೂ ಲಗತ್ತಿಸುವಂತಿಲ್ಲ, ಆದರೆ ಕೇಳಿದಾಗ ಕೊಡಬೇಕು. ಶಾಲೆಯ ರಸೀದಿಗಳ ಶಾಯಿ ವರ್ಷದಲ್ಲೇ ಮಾಸಿಹೋಗುತ್ತದೆ, ಫೋಟೋ ತೆಗೆದು ಆರೇಳು ವರ್ಷ ಇಟ್ಟುಕೊಳ್ಳಿ.

ಕಳಿಸಿದ 30 ದಿನದೊಳಗೆ ಆಧಾರ್ ಒಟಿಪಿಯಿಂದ ವೆರಿಫೈ ಮಾಡಿ. ಮಾಡದಿದ್ದರೆ ರಿಟರ್ನ್ ತುಂಬಿಯೇ ಇಲ್ಲದ ಹಾಗೆ.

ರಿಫಂಡ್‌ನಲ್ಲಿ ಪರ್ಸೆಂಟೇಜ್ ಕೇಳುವ ಏಜೆಂಟ್‌ಗಳಿಂದ ದೂರ ಇರಿ. ಲೋನೇ ಇಲ್ಲದವರಿಗೆ 80ಇ ಹಾಕಿ, ಮಕ್ಕಳೇ ಇಲ್ಲದವರಿಗೆ ಫೀ ಹಾಕಿ ರಿಫಂಡ್ ತರಿಸಿಕೊಡುತ್ತಾರೆ, ನೋಟಿಸ್ ಬಂದಾಗ ಫೋನ್ ಎತ್ತುವುದಿಲ್ಲ. ಇಂಥ ಸುಳ್ಳು ಕಡಿತಗಳ ಮೇಲೆ ಇಲಾಖೆ 2025ರ ಜುಲೈ ತಿಂಗಳಲ್ಲಿ ದೇಶದ ಹಲವೆಡೆ ಒಟ್ಟಿಗೇ ತಪಾಸಣೆ ನಡೆಸಿತು. ತಪ್ಪು ಮಾಹಿತಿ ಕೊಟ್ಟು ತೆರಿಗೆ ಉಳಿಸಿದ್ದು ಸಾಬೀತಾದರೆ ದಂಡ ಆ ತೆರಿಗೆಯ 200 ಶೇಕಡಾ, ಅದು ಬೀಳುವುದು ನಿಮ್ಮ ಪ್ಯಾನ್ ಮೇಲೆ. ಹಿಂದಿನ ವರ್ಷಗಳಲ್ಲಿ ಹಾಗೆ ಆಗಿದ್ದರೆ ನೋಟಿಸ್ ಬರುವ ಮೊದಲೇ ಐಟಿಆರ್-ಯು (ಹಳೆ ವರ್ಷದ್ದನ್ನು ತಿದ್ದುವ ರಿಟರ್ನ್) ತುಂಬಿ ಕಟ್ಟಿಬಿಡಬಹುದು, ಅದಕ್ಕೆ ಈಗ 48 ತಿಂಗಳ ಅವಕಾಶ ಇದೆ.

2026ರ ಏಪ್ರಿಲ್ 1ರಿಂದ ಗಳಿಸಿದ ಆದಾಯಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ. ಅಲ್ಲಿ 80ಸಿ ಅನ್ನುವುದು ಸೆಕ್ಷನ್ 123 ಆಗಿದೆ, ಅಸೆಸ್‌ಮೆಂಟ್ ವರ್ಷ ಅನ್ನುವ ಮಾತೇ ಹೋಗಿ ಟ್ಯಾಕ್ಸ್ ಇಯರ್ ಬಂದಿದೆ. 2025-26ರ ಆದಾಯದ ರಿಟರ್ನ್‌ಗೆ ಮಾತ್ರ ಹಳೆ ನಂಬರ್‌ಗಳೇ.